ಸೃಷ್ಟಿಯೂ ಆರಂಭವೂ

ಜಗತ್ತು ಎಲ್ಲಿಂದ ಬಂದಿತೆಂದು ಒಂದು ಸಾರಿಯಾದರೂ ಕೇಳದ ಮಗುವಿಲ್ಲ. ಅದಕ್ಕೆ ತಡವರಿಸದೆ ಉತ್ತರ ಹೇಳಿದ ಹಿರಿಯರೂ ವಿರಳ. ಕ್ರೈಸ್ತ ಗೃಹಸ್ಥರ ಮನೆಗಳಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗಿರುವುದು. ಹುಡುಗನು ಭಾನುವಾರ ದೇವಾಲಯದಲ್ಲಿ ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಕೇಳಿ ಬರುತ್ತಾನೆ. ಸೋಮವಾರ ಪಾಠಶಾಲೆಯಲ್ಲಿ ವಿಶ್ವಕ್ಕೆ ಸುಮಾರು ೧೩೮೦ ಕೋಟಿ ವರ್ಷಗಳೂ ಭೂಮಿಗೆ ಸುಮಾರು ೪೫೪ ಕೋಟಿ ವರ್ಷಗಳೂ ಆಗಿವೆಯೆಂದು ಓದುತ್ತಾನೆ. ಆರು ದಿವಸಗಳ ಮಾತು ನಿಜವೋ, ಈ ಕೋಟಿಗಳ ಮಾತು ನಿಜವೋ ಎಂದು ಅವನು ತಂದೆಯನ್ನು ಕೇಳಿದರೆ, ತಂದೆಯಾದವನು ಗದರಿಸಲಾಗದು. ನಕ್ಕು ಸುಮ್ಮನಾಗಲೂ ಆಗದು. ಗದರಿಸಿಕೊಂಡ ಹುಡುಗನು ಮುಂದೆ ತನ್ನ ಬುದ್ಧಿಯನ್ನು ಚಪ್ಪಲಿಯಂತೆ ದೇವಾಲಯದ ಬಾಗಿಲಾಚೆ ಬಿಟ್ಟು ಒಳಕ್ಕೆ ಹೋಗುವನು, ಇಲ್ಲವೆ ಒಳಕ್ಕೆ ಹೋಗುವುದನ್ನೇ ಬಿಡುವನು. ಎರಡೂ ನಷ್ಟವೇ ಸರಿ.

ನಾವು ಕ್ರೈಸ್ತ ಮತದವರಲ್ಲ. ಬಹುಕಾಲ ಮಕ್ಕಳಿಗೆ ಪಾಠ ಹೇಳಿ, ಸಂಸ್ಕೃತದ ನಾಲ್ಕು ಶಾಸ್ತ್ರಗ್ರಂಥಗಳ ಪಕ್ಕದಲ್ಲಿ ಕುಳಿತು ಕಾಲ ಕಳೆದವರು. ಆದರೂ ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವುಂಟು. ನೆರೆಮನೆಯವನ ಹೃದಯಕ್ಕೆ ಹತ್ತಿರವಾದ ಪ್ರಶ್ನೆಯನ್ನು ಅರಿಯುವುದು ನೆರೆಹೊರೆಯ ಧರ್ಮಗಳಲ್ಲಿ ಒಂದು. ಅಲ್ಲದೆ, ಶ್ರದ್ಧೆಗೂ ಶಾಸ್ತ್ರಕ್ಕೂ ಹೊಂದಿಕೆ ಹೇಗೆಂಬುದು ಯಾವ ಒಂದು ಮತದವರ ಕಷ್ಟವೂ ಅಲ್ಲ.

ಈ ಕಷ್ಟವನ್ನು ಕಳೆದುಕೊಳ್ಳಲು ಜನರು ಸಾಮಾನ್ಯವಾಗಿ ಮೂರು ಉಪಾಯಗಳನ್ನು ಹಿಡಿಯುವರು. ಶಾಸ್ತ್ರಜ್ಞರ ಲೆಕ್ಕವೆಲ್ಲ ಸುಳ್ಳೆನ್ನುವುದು ಮೊದಲನೆಯದು. ವೇದಪುಸ್ತಕವೆಲ್ಲ ಅಜ್ಜಿಯ ಕಥೆಯೆನ್ನುವುದು ಎರಡನೆಯದು. ಇವೆರಡಕ್ಕೂ ಅಂಜಿದವರು ಮೂರನೆಯದನ್ನು ಹಿಡಿಯುತ್ತಾರೆ: ಗ್ರಂಥದ ಒಂದು ದಿವಸವೆಂದರೆ ಒಂದು ದೀರ್ಘ ಯುಗವೆಂದು ಅರ್ಥಮಾಡಿ, ಭೂಗರ್ಭಶಾಸ್ತ್ರದ ಯುಗಗಳನ್ನು ಆರು ದಿವಸಗಳ ಮೇಲೆ ಒಂದೊಂದಾಗಿ ಹೊಂದಿಸಿಡುವುದು. ಇದು ನೋಡುವುದಕ್ಕೆ ಜಾಣತನವಾಗಿ ಕಂಡರೂ ಕೈಗೂಡುವುದಿಲ್ಲ. ಏತಕ್ಕೆಂದರೆ, ಆದಿಕಾಂಡದಲ್ಲಿ ಹುಲ್ಲೂ ಹಣ್ಣಿನ ಮರಗಳೂ ಮೂರನೆಯ ದಿವಸ ಹುಟ್ಟುತ್ತವೆ; ಸೂರ್ಯಚಂದ್ರರು ನಾಲ್ಕನೆಯ ದಿವಸ ಉಂಟಾಗುತ್ತಾರೆ. ದಿವಸವನ್ನು ಕೋಟಿ ವರ್ಷಗಳಷ್ಟು ಹಿಗ್ಗಿಸಿದರೆ ಸೂರ್ಯನಿಲ್ಲದೆ ಮರಗಳು ಅಷ್ಟು ಕೋಟಿ ವರ್ಷ ಹಣ್ಣು ಬಿಡಬೇಕಾಗುವುದು. ಗ್ರಂಥವನ್ನು ಎಳೆದೆಳೆದು ಶಾಸ್ತ್ರಕ್ಕೆ ಹೊಲಿದರೆ ಎರಡೂ ಬಟ್ಟೆಗಳು ಹರಿಯುವುವು.

ಸೃಷ್ಟಿಗೆ ತಿಥಿಯನ್ನು ಗೊತ್ತುಮಾಡುವ ಯತ್ನವೂ ಹಿಂದೆ ನಡೆದಿತ್ತು. ಐರ್ಲೆಂಡಿನ ಆರ್ಮಾ ನಗರದ ಆರ್ಚ್‌ಬಿಷಪ್ಪರಾಗಿದ್ದ ಜೇಮ್ಸ್ ಅಷರ್ ಎಂಬ ಮಹಾ ಪಂಡಿತರು, ಗ್ರಂಥದಲ್ಲಿನ ವಂಶಾವಳಿಗಳನ್ನೂ ಅರಸರ ಆಳ್ವಿಕೆಯ ವರ್ಷಗಳನ್ನೂ ಕೂಡಿ, ಕ್ರಿಸ್ತಪೂರ್ವ ೪೦೦೪ರ ಅಕ್ಟೋಬರ್ ತಿಂಗಳಲ್ಲಿ ಜಗತ್ತು ಸೃಷ್ಟಿಯಾಯಿತೆಂದು ೧೬೫೦ರಲ್ಲಿ ಪ್ರಕಟಿಸಿದರು. ಅವರನ್ನು ಇಂದು ಹಾಸ್ಯಮಾಡುವುದು ಸುಲಭ. ಆ ಕಾಲಕ್ಕೆ ಅದು ಶ್ರದ್ಧೆಯಿಂದ ಮಾಡಿದ ದೊಡ್ಡ ವಿದ್ಯಾಪರಿಶ್ರಮವೇ ಆಗಿತ್ತು. ಕೆಡುಕಾದದ್ದು ಮುಂದೆ. ಇಂಗ್ಲಿಷ್ ಬೈಬಲ್ಲಿನ ಅನೇಕ ಮುದ್ರಣಗಳಲ್ಲಿ ಆ ವರ್ಷವನ್ನು ಪುಟದ ಅಂಚಿನಲ್ಲಿ ಅಚ್ಚುಹಾಕಿದರು. ಅಂಚಿನಲ್ಲಿದ್ದ ಮನುಷ್ಯನ ಲೆಕ್ಕವನ್ನು ಓದುಗರು ಪುಟದ ಮಧ್ಯದ ದೇವರ ಮಾತಿನೊಡನೆ ಕಲೆಸಿಕೊಂಡರು. ಬಂಡೆಗಳು ಬೇರೆ ಲೆಕ್ಕವನ್ನು ಹೇಳತೊಡಗಿದಾಗ ಅಂಚು ಅಳಿಸಿಹೋದದ್ದಲ್ಲದೆ, ಅನೇಕರ ಮನಸ್ಸಿನಲ್ಲಿ ಮಧ್ಯವೂ ಮಸುಕಾಯಿತು.

ಆದರೆ ಕ್ರೈಸ್ತ ಮತದ ಆಚಾರ್ಯರೆಲ್ಲರೂ ಹೀಗೆಯೇ ಎಣಿಸಿದ್ದರೆಂದು ತಿಳಿಯುವುದು ತಪ್ಪು. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ಪರಾಗಿದ್ದ ಸಂತ ಆಗಸ್ಟೀನರು (೩೫೪–೪೩೦) ಆದಿಕಾಂಡಕ್ಕೆ ಒಂದು ದೊಡ್ಡ ವ್ಯಾಖ್ಯಾನವನ್ನು ಬರೆದರು. ಸೂರ್ಯನೇ ಇಲ್ಲದ ಮೊದಲ ಮೂರು ದಿವಸಗಳಿಗೆ ಸಾಯಂಕಾಲ ಪ್ರಾತಃಕಾಲಗಳು ಹೇಗಾದವೆಂಬ ಪ್ರಶ್ನೆಯನ್ನು ಅವರೇ ಎತ್ತಿದರು. ಆ ದಿವಸಗಳು ನಮ್ಮ ದಿವಸಗಳಂತಹವಲ್ಲ, ದೇವರು ಸಮಸ್ತವನ್ನೂ ಏಕಕಾಲದಲ್ಲಿ ಸೃಷ್ಟಿಸಿ, ಮುಂದೆ ಕಾಲಕ್ರಮದಲ್ಲಿ ಮೊಳೆಯತಕ್ಕ ವಸ್ತುಗಳನ್ನು ಬೀಜರೂಪದಲ್ಲಿ ಇರಿಸಿದನು ಎಂಬುದು ಅವರ ಅಭಿಪ್ರಾಯ. ದೂರದರ್ಶಕ ಯಂತ್ರವು ಹುಟ್ಟುವುದಕ್ಕೆ ಸಾವಿರದ ಇನ್ನೂರು ವರ್ಷಗಳ ಹಿಂದಿನ ಮಾತಿದು. ಯಾವ ಭೌತಶಾಸ್ತ್ರಕ್ಕೂ ಹೆದರಿ ಅವರು ಹೀಗೆ ಬರೆಯಲಿಲ್ಲ; ಗ್ರಂಥವನ್ನು ಗಮನವಿಟ್ಟು ಓದಿ ಬರೆದರು. ಕ್ರೈಸ್ತನು ಆಕಾಶದ ಮತ್ತು ಗ್ರಹಗತಿಗಳ ವಿಷಯದಲ್ಲಿ ತಿಳಿಯದೆ ಮಾತನಾಡಿ, ಅದನ್ನು ವೇದಪುಸ್ತಕದ ಮಾತೆಂದರೆ, ಬಲ್ಲವರು ನಗುವರು. ಕಣ್ಣಿಗೆ ಕಾಣುವ ವಿಷಯದಲ್ಲಿಯೇ ತಪ್ಪಿದ ಪುಸ್ತಕವನ್ನು ಪರಲೋಕದ ವಿಷಯದಲ್ಲಿ ನಂಬುವರು ಯಾರು ಎಂದು ಅವರು ಎಚ್ಚರಿಸಿದ್ದಾರೆ.

ಆಗಸ್ಟೀನರ ಇನ್ನೊಂದು ಮಾತು ಇನ್ನೂ ಸೂಕ್ಷ್ಮವಾದದ್ದು. ಸೃಷ್ಟಿಗೆ ಮುಂಚೆ ದೇವರು ಏನು ಮಾಡುತ್ತಿದ್ದನೆಂದು ಕೇಳುವವರಿಗೆ ಅವರು ಕೊಟ್ಟ ಸಮಾಧಾನವೇನೆಂದರೆ, ಕಾಲವೂ ಸೃಷ್ಟಿಗೆ ಸೇರಿದ ವಸ್ತು. ಜಗತ್ತು ಕಾಲದೊಳಗೆ ಹುಟ್ಟಲಿಲ್ಲ, ಕಾಲದೊಡನೆ ಹುಟ್ಟಿತು. ಆದಕಾರಣ ಅಲ್ಲಿ ‘ಮುಂಚೆ’ ಎಂಬ ಮಾತಿಗೆ ಅರ್ಥವಿಲ್ಲ. ೧೯೧೫ರಲ್ಲಿ ಐನ್‌ಸ್ಟೈನರು ಪೂರ್ಣಗೊಳಿಸಿದ ಸಾಪೇಕ್ಷತಾ ಸಿದ್ಧಾಂತದಲ್ಲಿಯೂ ದೇಶಕಾಲಗಳು ಜಗತ್ತಿನ ದ್ರವ್ಯಕ್ಕೆ ಹೊರತಾದ ಖಾಲಿ ಪಾತ್ರೆಯಲ್ಲ. ದ್ರವ್ಯದೊಡನೆ ಬಾಗುವ, ಬೆಳೆಯುವ ವಸ್ತುಗಳು. ಆಗಸ್ಟೀನರಿಗೆ ಈ ಸಿದ್ಧಾಂತವು ಮೊದಲೇ ಹೊಳೆದಿತ್ತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಬಾಲಿಶವಾದೀತು. ಕಾಲಕ್ಕೆ ಆರಂಭವಿರಬಹುದೆಂಬ ಭಾವನೆಯು ಶ್ರದ್ಧೆಗೂ ಬುದ್ಧಿಗೂ ಸಮಾನವಾಗಿ ನಿಲುಕಬಹುದೆಂಬಷ್ಟೇ ನಮ್ಮ ಮಾತು.

ಹಾಗಾದರೆ ಸೃಷ್ಟಿಯೆಂದರೇನು? ಇಲ್ಲಿ ನಮ್ಮ ತರ್ಕಶಾಸ್ತ್ರದ ಎರಡು ಪದಗಳು ಉಪಯೋಗಕ್ಕೆ ಬರುವುವು. ಮಡಕೆಗೆ ಮಣ್ಣು ಉಪಾದಾನ ಕಾರಣ. ಕುಂಬಾರನು ನಿಮಿತ್ತ ಕಾರಣ. ಕುಂಬಾರನು ಸತ್ತರೂ ಮಡಕೆ ನಿಲ್ಲುವುದು. ದೇವರು ಜಗತ್ತನ್ನು ಮಾಡಿದನೆಂದಾಗ ಸಾಮಾನ್ಯ ಜನರು ಇಂತಹ ಕುಂಬಾರನನ್ನೇ ನೆನೆಯುತ್ತಾರೆ. ಆದರೆ ಕ್ರೈಸ್ತ ಸಿದ್ಧಾಂತವು ಹೇಳುವುದು ಹಾಗಲ್ಲ. ಅವರ ಮತದಲ್ಲಿ ದೇವರಿಗೆ ಮಣ್ಣಿಲ್ಲ. ಉಪಾದಾನವಿಲ್ಲದೆ ಇರುವಿಕೆಯನ್ನೇ ಕೊಡುವುದು ಸೃಷ್ಟಿ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವೈನಾಸರು ಇದನ್ನು ಬಹಳ ತಿಳಿಯಾಗಿ ವಿಚಾರಿಸಿದರು. ಅವರ ಅಭಿಪ್ರಾಯದಲ್ಲಿ ಸೃಷ್ಟಿಯು ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಆಗುವ ಮಾರ್ಪಾಡೇ ಅಲ್ಲ. ಅದು ಜಗತ್ತು ತನ್ನ ಇರುವಿಕೆಗಾಗಿ ಪ್ರತಿಕ್ಷಣವೂ ದೇವರನ್ನು ಅವಲಂಬಿಸಿರುವ ಸಂಬಂಧ. ಕುಂಬಾರ ಮಡಕೆಗಳ ದೃಷ್ಟಾಂತಕ್ಕಿಂತ ದೀಪ ಬೆಳಕುಗಳ ದೃಷ್ಟಾಂತವು ಇಲ್ಲಿ ಹತ್ತಿರವಾದೀತು. ದೀಪವನ್ನು ಒಯ್ದ ಮೇಲೆ ಕೋಣೆಯ ಬೆಳಕು ಒಂದು ನಿಮಿಷವಾದರೂ ಉಳಿಯುವುದಿಲ್ಲ.

ಇದರಿಂದ ಒಂದು ದೊಡ್ಡ ಫಲಿತಾಂಶ ಹೊರಡುವುದು. ದೀಪವು ಅನಾದಿಕಾಲದಿಂದ ಉರಿಯುತ್ತಿದ್ದರೂ ಬೆಳಕು ದೀಪದ್ದೇ. ಹಾಗೆಯೇ ಜಗತ್ತು ಅನಾದಿಯಾಗಿದ್ದರೂ ಅದು ಸೃಷ್ಟವೇ ಆಗಿರಬಹುದು. ಜಗತ್ತಿಗೆ ಆರಂಭವುಂಟೆಂದು ಥಾಮಸರು ಶ್ರದ್ಧೆಯಿಂದ ನಂಬಿದ್ದರು. ಆದರೆ ಅದನ್ನು ಯುಕ್ತಿಯಿಂದ ಸಾಧಿಸಲಾಗದೆಂದು ಸ್ಪಷ್ಟವಾಗಿ ಬರೆದರು. ಗಟ್ಟಿಯಲ್ಲದ ಯುಕ್ತಿಗಳನ್ನು ಮುಂದಿಟ್ಟರೆ, ನಮ್ಮ ನಂಬಿಕೆಗೆ ಇವೇ ಆಧಾರಗಳೆಂದು ತಿಳಿದು ಅನ್ಯರು ನಗುವರೆಂದೂ ಹೇಳಿದರು. ಸೃಷ್ಟಿಯು ಬೇರೆ, ಆರಂಭವು ಬೇರೆ. ಭೌತಶಾಸ್ತ್ರವು ವಿಚಾರಿಸುವುದು ಆರಂಭವನ್ನು. ಮತವು ಹೇಳುವುದು ಸೃಷ್ಟಿಯನ್ನು. ಈ ಒಂದು ವಿವೇಕವನ್ನು ಬಿಗಿಯಾಗಿ ಹಿಡಿದರೆ ಜಗಳದ ಮುಕ್ಕಾಲು ಭಾಗ ತಾನಾಗಿ ಅಡಗುವುದು.

ಈ ವಿವೇಕವನ್ನು ಬಿಟ್ಟರೆ ಆಗುವುದೇನೆಂಬುದಕ್ಕೆ ಮಹಾನುಭಾವನಾದ ನ್ಯೂಟನ್ನನೇ ಉದಾಹರಣೆ. ಗ್ರಹಗಳು ಒಂದನ್ನೊಂದು ಎಳೆಯುವುದರಿಂದ ಅವುಗಳ ಗತಿಯಲ್ಲಿ ಸ್ವಲ್ಪಸ್ವಲ್ಪವಾಗಿ ವ್ಯತ್ಯಾಸವು ಸೇರುತ್ತ ಬಂದು, ಕಾಲಕಾಲಕ್ಕೆ ಆ ವ್ಯವಸ್ಥೆಯನ್ನು ಸರಿಪಡಿಸಬೇಕಾಗುವುದೆಂದು ಅವನು ಎಣಿಸಿದ್ದನು. ಸರಿಪಡಿಸುವವನು ದೇವರು. ಜರ್ಮನಿಯ ಲೈಬ್ನಿಟ್ಸನು, ಗಡಿಯಾರವನ್ನು ಆಗಾಗ್ಗೆ ರಿಪೇರಿ ಮಾಡಬೇಕಾದ ಕಸುಬುದಾರನನ್ನು ಒಳ್ಳೆಯ ಕಸುಬುದಾರನೆನ್ನಬಹುದೇ ಎಂದು ೧೭೧೫ರಲ್ಲಿ ಆಕ್ಷೇಪಿಸಿದನು. ಮುಂದೆ ೧೭೮೫ರಲ್ಲಿ ಫ್ರಾನ್ಸಿನ ಲಾಪ್ಲಾಸನು ಗುರುಶನಿಗಳ ಗತಿಯಲ್ಲಿ ಕಾಣುವ ದೊಡ್ಡ ವ್ಯತ್ಯಾಸವು ಸುಮಾರು ೯೦೦ ವರ್ಷಗಳಿಗೊಮ್ಮೆ ತಾನೇ ಏರಿಳಿಯುವ ಆವರ್ತವೆಂದು ಗಣಿತದಿಂದ ತೋರಿಸಿದನು. ಗಣಿತದ ಸಂದಿಯಲ್ಲಿ ಕೂಡಿಸಿದ್ದ ದೇವರು ಗಣಿತವು ಬೆಳೆದಾಗ ಆ ಸಂದಿಯಿಂದ ಎದ್ದು ಹೋಗಬೇಕಾಯಿತು. ತಿಳಿಯದ ಎಡೆಗಳಲ್ಲಿ ಮಾತ್ರ ದೇವರನ್ನು ಕೂಡಿಸುವವನು, ತನ್ನ ಮಗನು ಓದಿದಷ್ಟೂ ದೇವರು ಕಿರಿದಾಗುವಂತೆ ಏರ್ಪಾಡು ಮಾಡಿಕೊಳ್ಳುತ್ತಾನೆ.

ಇದಕ್ಕೆ ಪ್ರತಿಯಾಗಿ ನಡೆದುಕೊಂಡ ಒಬ್ಬ ಮಹನೀಯರ ಚರಿತ್ರೆಯನ್ನು ವಾಚಕರ ಮುಂದಿಡುವುದು ನಮ್ಮ ಮುಖ್ಯೋದ್ದೇಶ. ಜಾರ್ಜ್ ಲೆಮೇತ್ರರು ಬೆಲ್ಜಿಯಂ ದೇಶದ ಷಾರ್ಲರ್ವಾ ಪಟ್ಟಣದಲ್ಲಿ ೧೮೯೪ರಲ್ಲಿ ಹುಟ್ಟಿದರು. ಇಂಜಿನಿಯರಿಂಗ್ ವ್ಯಾಸಂಗದ ನಡುವೆ ೧೯೧೪ರ ಮಹಾಯುದ್ಧ ಬರಲು ಸೈನ್ಯಕ್ಕೆ ಸೇರಿ ಹೋರಾಡಿದರು. ಯುದ್ಧವು ಮುಗಿದ ಮೇಲೆ ಗಣಿತವನ್ನೂ ದೈವಶಾಸ್ತ್ರವನ್ನೂ ಓದಿ, ೧೯೨೩ರಲ್ಲಿ ಕ್ಯಾಥೋಲಿಕ್ ಪಾದ್ರಿಯ ದೀಕ್ಷೆಯನ್ನು ಹೊಂದಿದರು. ಅದೇ ವರ್ಷ ಕೇಂಬ್ರಿಜ್ಜಿಗೆ ಹೋಗಿ ಎಡಿಂಗ್ಟನ್ನರ ಬಳಿ ಶಿಷ್ಯವೃತ್ತಿಯನ್ನು ಕೈಕೊಂಡರು. ಸತ್ಯಕ್ಕೆ ಎರಡು ದಾರಿಗಳಿವೆಯೆಂದೂ ತಾವು ಎರಡರಲ್ಲಿಯೂ ನಡೆಯಲು ನಿಶ್ಚಯಿಸಿದೆವೆಂದೂ ಮುಂದೆ ಅವರು ಹೇಳಿಕೊಂಡರು. ಹೇಳಿಕೊಂಡಂತೆಯೇ ಜೀವಮಾನವೆಲ್ಲ ನಡೆದರು. ಒಂದು ದಾರಿಯ ಮೈಲಿಗಲ್ಲನ್ನು ಕಿತ್ತು ಇನ್ನೊಂದರಲ್ಲಿ ನೆಡಲಿಲ್ಲ.

ಐನ್‌ಸ್ಟೈನರ ಸಮೀಕರಣಗಳಿಂದ ಬೆಳೆಯುವ ವಿಶ್ವವೂ ಹೊರಡಬಹುದೆಂದು ರಷ್ಯದ ಫ್ರೀಡ್‌ಮನ್ನರು ೧೯೨೨ರಲ್ಲಿಯೇ ತೋರಿಸಿದ್ದರು. ಅದನ್ನು ತಿಳಿಯದೆ ಸ್ವತಂತ್ರವಾಗಿ ಅಲ್ಲಿಗೆ ತಲಪಿದ ಲೆಮೇತ್ರರು, ೧೯೨೭ರಲ್ಲಿ ಫ್ರೆಂಚ್ ಭಾಷೆಯ ಒಂದು ಲೇಖನದಲ್ಲಿ, ದೂರದ ತಾರಾಸಮೂಹಗಳು ತಮ್ಮ ದೂರಕ್ಕೆ ತಕ್ಕ ವೇಗದಿಂದ ನಮ್ಮಿಂದ ಅಗಲುತ್ತಿವೆ, ಏಕೆಂದರೆ ಆಕಾಶವೇ ಹಿಗ್ಗುತ್ತಿದೆ, ಎಂದು ಪ್ರತಿಪಾದಿಸಿದರು. ಅದೇ ವರ್ಷ ಬ್ರಸೆಲ್ಸಿನಲ್ಲಿ ಭೆಟ್ಟಿಯಾದ ಐನ್‌ಸ್ಟೈನರು ಗಣಿತವನ್ನು ಒಪ್ಪಿ, ಅದರ ಭೌತಾರ್ಥವನ್ನು ಒಪ್ಪಲಿಲ್ಲ. ೧೯೨೯ರಲ್ಲಿ ಅಮೆರಿಕದ ಹಬಲ್ಲರು ದೂರದರ್ಶಕದಿಂದ ಆ ಸಂಬಂಧವನ್ನು ಕಂಡು ಪ್ರಕಟಿಸಿದ ಮೇಲೆ ಲೋಕವು ಕಣ್ಣು ತೆರೆಯಿತು. ಆ ನಿಯಮಕ್ಕೆ ಹಬಲ್–ಲೆಮೇತ್ರ್ ನಿಯಮವೆಂಬ ಹೆಸರನ್ನು ಅಂತರರಾಷ್ಟ್ರೀಯ ಖಗೋಳಶಾಸ್ತ್ರ ಸಂಘವು ೨೦೧೮ರಲ್ಲಿ ಶಿಫಾರಸು ಮಾಡಿತು.

ಹಿಗ್ಗುತ್ತಿರುವ ವಿಶ್ವವು ಹಿಂದೆ ಕಿರಿದಾಗಿದ್ದಿರಬೇಕಷ್ಟೆ. ಇಂದಿನ ವ್ಯವಸ್ಥೆಗೆ ಒಂದು ಆರಂಭವಿತ್ತೆಂಬ ಭಾವನೆಯು ತಮಗೆ ಅಸಹ್ಯವೆಂದು ಎಡಿಂಗ್ಟನ್ನರು ೧೯೩೧ರಲ್ಲಿ ಹೇಳಿದರು. ಅವರು ಅಶ್ರದ್ಧರಲ್ಲ, ಕ್ವೇಕರ್ ಪಂಥದ ನಿಷ್ಠಾವಂತ ಕ್ರೈಸ್ತರು. ಅವರಿಗೆ ಪ್ರತ್ಯುತ್ತರವಾಗಿ, ವಿಶ್ವವೆಲ್ಲವೂ ಒಂದೇ ಒಂದು ಆದಿಕಣದಿಂದ ಹೊರಟಿತೆಂಬ ಕಲ್ಪನೆಯನ್ನು ಲೆಮೇತ್ರರು ಅದೇ ವರ್ಷದ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಚಿಕ್ಕ ಪತ್ರದಲ್ಲಿ ಬರೆದರು. ಆ ಪತ್ರದ ಮೂಲ ಪ್ರತಿಯಲ್ಲಿ ದೇವರನ್ನು ಕುರಿತ ಒಂದು ವಾಕ್ಯವಿತ್ತು: ದೇವರು ಸ್ವಭಾವತಃ ಮರೆಯಾಗಿರುವವನು, ಭೌತಶಾಸ್ತ್ರವು ಸೃಷ್ಟಿಯ ಮೇಲೆ ತೆರೆಯನ್ನೆಳೆಯುವುದನ್ನು ಕಂಡು ಭಕ್ತನು ಸಂತೋಷಪಡಬಹುದು ಎಂಬ ಭಾವದ್ದು. ಅಚ್ಚಿಗೆ ಹೋಗುವ ಮುನ್ನ ಆ ವಾಕ್ಯವನ್ನು ಹೊಡೆದುಹಾಕಲಾಯಿತು. ಶ್ರದ್ಧೆಯಿಲ್ಲದ್ದರಿಂದಲ್ಲ, ಸ್ಥಳವರಿತದ್ದರಿಂದ. ದೇವರ ಮನೆಯ ಮಂಗಳಾರತಿಯನ್ನು ಅಡಿಗೆಯ ಒಲೆಗೆ ಒಯ್ಯದಿರುವುದು ದೇವರಿಗೆ ಅಪಚಾರವಲ್ಲ.

ಈ ಸಂಯಮದ ಬೆಲೆ ತಿಳಿದದ್ದು ಇಪ್ಪತ್ತು ವರ್ಷಗಳಾದ ಮೇಲೆ. ೧೯೫೧ರ ನವೆಂಬರ್ ತಿಂಗಳಲ್ಲಿ ಹನ್ನೆರಡನೆಯ ಪಿಯಸ್ ಪೋಪರು ತಮ್ಮ ವಿಜ್ಞಾನ ಪರಿಷತ್ತಿನ ಮುಂದೆ ಭಾಷಣ ಮಾಡುತ್ತ, ಇಂದಿನ ಶಾಸ್ತ್ರವು ಕೋಟ್ಯಂತರ ವರ್ಷಗಳ ಹಿಂದಕ್ಕೆ ಹೆಜ್ಜೆಯಿಟ್ಟು, ಬೆಳಕಾಗಲೆಂಬ ಆದಿವಚನಕ್ಕೆ ಸಾಕ್ಷಿಯಾದಂತಿದೆಯೆಂದು ಹರ್ಷಪಟ್ಟರು. ಲೋಕವೆಲ್ಲ ಇದನ್ನು ಮತದ ವಿಜಯವೆಂದು ಬಗೆಯಿತು. ಆ ಪರಿಷತ್ತಿನ ಸದಸ್ಯರೂ ಆ ಸಿದ್ಧಾಂತದ ಜನಕರೂ ಆದ ಲೆಮೇತ್ರರಿಗೆ ಮಾತ್ರ ಸಮಾಧಾನವಾಗಲಿಲ್ಲ. ತಮ್ಮ ಸಿದ್ಧಾಂತವು ಮತದ ಪ್ರಶ್ನೆಗಳಿಗೆ ಸಂಪೂರ್ಣವಾಗಿ ಹೊರಗಿನದು, ಆಸ್ತಿಕನೂ ನಾಸ್ತಿಕನೂ ಅದನ್ನು ಸಮಾನವಾಗಿ ವಿಚಾರಿಸಬಹುದು ಎಂಬುದು ಅವರ ನಿಲುವು. ಮರುವರ್ಷ ಸೆಪ್ಟೆಂಬರಿನಲ್ಲಿ ರೋಮಿನಲ್ಲಿ ನೆರೆದ ಖಗೋಳಜ್ಞರನ್ನು ಕುರಿತು ಪೋಪರು ಮಾತನಾಡಿದಾಗ ಹಿಂದಿನ ವಾದವನ್ನು ಮತ್ತೆ ಎತ್ತಲಿಲ್ಲ. ಅದಕ್ಕೆ ಲೆಮೇತ್ರರ ಸಲಹೆಯೂ ಕಾರಣವೆಂದು ಅನೇಕ ಚರಿತ್ರಕಾರರ ಅಭಿಪ್ರಾಯ.

ಅವರೇಕೆ ಹೆದರಿದರೆಂಬುದನ್ನು ಯೋಚಿಸಬೇಕು. ಆಗ ಅಳೆದಿದ್ದ ದೂರಗಳ ಪ್ರಕಾರ ವಿಶ್ವದ ವಯಸ್ಸು ಸುಮಾರು ೨೦೦ ಕೋಟಿ ವರ್ಷಗಳೆಂದು ಬರುತ್ತಿತ್ತು. ಭೂಮಿಯ ಬಂಡೆಗಳ ವಯಸ್ಸು ಅದಕ್ಕಿಂತ ಹೆಚ್ಚಾಗಿ ಕಾಣುತ್ತಿತ್ತು. ತಾಯಿಗಿಂತ ಮಗಳು ದೊಡ್ಡವಳಾದಂತಾಗಿತ್ತು! ಆ ೧೯೫೨ರ ರೋಮಿನ ಸಭೆಯಲ್ಲಿಯೇ ವಾಲ್ಟರ್ ಬಾಡೆಯವರು ಹಿಂದಿನ ಅಳತೆಯನ್ನು ತಿದ್ದಿ ದೂರಗಳನ್ನು ಸುಮಾರು ಇಮ್ಮಡಿಗೊಳಿಸಿದರು. ಇನ್ನೊಂದು ಕಡೆ ಫ್ರೆಡ್ ಹಾಯ್ಲ್ ಮೊದಲಾದವರು ೧೯೪೮ರಿಂದ, ವಿಶ್ವಕ್ಕೆ ಆದಿಯೇ ಇಲ್ಲವೆಂಬ ಪ್ರತಿಸಿದ್ಧಾಂತವನ್ನು ಸಮರ್ಥವಾಗಿ ನಡೆಸುತ್ತಿದ್ದರು. ‘ಬಿಗ್ ಬ್ಯಾಂಗ್’ ಎಂಬ ಹೆಸರನ್ನು ೧೯೪೯ರ ಒಂದು ರೇಡಿಯೋ ಭಾಷಣದಲ್ಲಿ ಇಟ್ಟವರೂ ಹಾಯ್ಲರೇ. ಹಾಯ್ಲರ ಪಕ್ಷವೇ ಗೆದ್ದಿದ್ದರೆ? ಸಿದ್ಧಾಂತಕ್ಕೆ ಕಟ್ಟಿದ್ದ ಶ್ರದ್ಧೆಯೂ ಅದರೊಡನೆ ಬೀಳುತ್ತಿತ್ತು. ಮನೆಯ ತೊಲೆಯನ್ನು ಹರಿಯುವ ದೋಣಿಗೆ ಕಟ್ಟಬಾರದು. ದೋಣಿಯು ಇಂದು ನಮ್ಮ ದಡದಲ್ಲಿದೆಯೆಂಬುದು ಅದಕ್ಕೆ ಕಾರಣವಾಗಲಾರದು.

ನಿರ್ಣಯವು ೧೯೬೫ರಲ್ಲಿ ಬಂದಿತು. ಅಮೆರಿಕದ ನ್ಯೂಜರ್ಸಿಯಲ್ಲಿ ಪೆನ್ಜಿಯಾಸ್, ವಿಲ್ಸನ್ ಎಂಬಿಬ್ಬರು, ತಮ್ಮ ರೇಡಿಯೋ ಗ್ರಾಹಕದಲ್ಲಿ ಎತ್ತ ತಿರುಗಿಸಿದರೂ ನಿಲ್ಲದ ಒಂದು ಮೆಲುದನಿಯನ್ನು ಕಂಡರು. ಪಾರಿವಾಳಗಳ ಹೊಲಸನ್ನು ತೊಳೆದರೂ ಅದು ಹೋಗಲಿಲ್ಲ. ಅದು ವಿಶ್ವವು ಸುಮಾರು ೩,೮೦,೦೦೦ ವರ್ಷದ ಶಿಶುವಾಗಿದ್ದಾಗ ಹೊರಟ ಬೆಳಕು, ಹಿಗ್ಗಿ ಹಿಗ್ಗಿ ತಣಿದು, ಇಂದು ಪರಮ ಶೂನ್ಯೋಷ್ಣಕ್ಕಿಂತ ೨.೭ ಡಿಗ್ರಿಗಳಷ್ಟೇ ಮೇಲಿರುವ ಶೇಷವೆಂದು ತಿಳಿದುಬಂದಿತು. ಈ ವರ್ತಮಾನವು ೧೯೬೬ರಲ್ಲಿ ಮರಣಹೊಂದುವುದಕ್ಕೆ ಸ್ವಲ್ಪ ಮುಂಚೆ ಲೆಮೇತ್ರರಿಗೆ ಮುಟ್ಟಿತು. ಅವರ ಭೌತಶಾಸ್ತ್ರವು ಗೆದ್ದಿತು. ಅವರ ಶ್ರದ್ಧೆಯು ಗೆಲ್ಲಬೇಕಾಗಿರಲಿಲ್ಲ, ಏಕೆಂದರೆ ಅದನ್ನು ಅವರು ಪಣಕ್ಕೆ ಒಡ್ಡಿರಲೇ ಇಲ್ಲ.

ಪ್ರತಿಪಕ್ಷದವರಿಗೂ ಇದೇ ನ್ಯಾಯ. ಸ್ಟೀಫನ್ ಹಾಕಿಂಗರು ೧೯೮೩ರಲ್ಲಿ ಹಾರ್ಟಲ್ಲರೊಡನೆ, ಕಾಲಕ್ಕೆ ಅಂಚಿಲ್ಲದ ವಿಶ್ವದ ಒಂದು ಗಣಿತರೂಪವನ್ನು ಕಲ್ಪಿಸಿದರು. ಅಂಚಿಲ್ಲದಿದ್ದರೆ ಸೃಷ್ಟಿಕರ್ತನಿಗೆ ಎಡೆಯೆಲ್ಲಿ ಎಂದು ಮುಂದೆ ಕೇಳಿದರು. ಗುರುತ್ವಾಕರ್ಷಣದಂತಹ ನಿಯಮವಿರುವುದರಿಂದ ವಿಶ್ವವು ಶೂನ್ಯದಿಂದ ತಾನಾಗಿ ಉಂಟಾಗಬಲ್ಲದೆಂದು ೨೦೧೦ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಹೇಳಿದರು. ಅವರ ಗಣಿತಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ನಿಯಮವಿದ್ದಲ್ಲಿ ಶೂನ್ಯವೆಲ್ಲಿಯದು? ಭೌತಶಾಸ್ತ್ರದ ಶೂನ್ಯದಲ್ಲಿ ಕ್ವಾಂಟಮ್ ನಿಯಮಗಳಿವೆ, ಏರಿಳಿತಗಳಿವೆ, ಶಕ್ತಿಯಿದೆ. ಅಂಥದು ಬಹಳ ತೆಳುವಾದ ಮಣ್ಣಾದೀತೇ ಹೊರತು ಮಣ್ಣಿಲ್ಲದಿರುವಿಕೆಯಲ್ಲ. ನಿಯಮವಾದರೂ ಏಕಿರಬೇಕೆಂಬ ಪ್ರಶ್ನೆ ಇದ್ದಲ್ಲಿಯೇ ಇರುವುದು. ಆರಂಭವಿದ್ದರೆ ದೇವರುಂಟೆನ್ನುವವನೂ ಆರಂಭವಿಲ್ಲದಿದ್ದರೆ ದೇವರಿಲ್ಲವೆನ್ನುವವನೂ ಸೃಷ್ಟಿಯನ್ನು ಆರಂಭದೊಡನೆ ಕಲೆಸಿದವರೇ.

ಇದರಿಂದ ಎಲ್ಲ ಸಂದೇಹಗಳೂ ತೀರಿದವೆಂದು ನಾವು ಹೇಳುವುದಿಲ್ಲ. ಆರು ದಿವಸಗಳನ್ನು ಅಕ್ಷರಶಃ ನಂಬುವ ಕ್ರೈಸ್ತರು ಇಂದಿಗೂ ಅನೇಕರಿದ್ದಾರೆ. ಅವರ ಭಕ್ತಿಯನ್ನು ಗೌರವಿಸುತ್ತಲೇ, ಬಂಡೆಗಳೂ ನಕ್ಷತ್ರಗಳೂ ಅವರ ಲೆಕ್ಕಕ್ಕೆ ಸಾಕ್ಷಿ ಹೇಳುವುದಿಲ್ಲವೆಂದು ಹೇಳಬೇಕಾಗಿದೆ. ಮನುಷ್ಯನು ಹುಟ್ಟುವುದಕ್ಕೆ ಕೋಟಿ ಕೋಟಿ ವರ್ಷಗಳ ಮುಂಚೆಯೇ ಪ್ರಾಣಿಗಳು ನೊಂದು ಸತ್ತವೇಕೆ ಎಂಬ ಪ್ರಶ್ನೆಯು, ದಿವಸಗಳ ಲೆಕ್ಕಕ್ಕಿಂತ ಎಷ್ಟೋ ಭಾರವಾದದ್ದು; ಅದಕ್ಕೆ ಯಾವ ಭೌತಶಾಸ್ತ್ರವೂ ಉತ್ತರ ಕೊಡದು. ಸೃಷ್ಟಿಕರ್ತನು ಇರುವನೆಂದು ನಮ್ಮ ಈ ವಿಚಾರವು ಸಾಧಿಸಲೂ ಇಲ್ಲ. ನಂಬುವವನು ತನ್ನ ನಂಬಿಕೆಗಾಗಿ ನಿಜವಾದ ಲೆಕ್ಕವನ್ನು ಮರೆಮಾಡಬೇಕಾಗಿಲ್ಲವೆಂಬಷ್ಟನ್ನೇ ತೋರಿಸಿತು. ಗೃಹಸ್ಥನಿಗೆ ಇಷ್ಟು ಸಾಲದೆ?

ಆದಕಾರಣ ಮಗನು ಕೇಳಿದಾಗ ತಂದೆಯು ಹೀಗೆ ಹೇಳಬಹುದು: “ಅಪ್ಪಾ, ಕೋಟಿಗಳ ಲೆಕ್ಕ ನಿಜ, ಅದನ್ನು ಚೆನ್ನಾಗಿ ಕಲಿ, ತಪ್ಪು ಕಂಡರೆ ತಿದ್ದು. ಆದಿಕಾಂಡವು ಆ ಲೆಕ್ಕವನ್ನು ಹೇಳಲು ಹೊರಟ ಪುಸ್ತಕವಲ್ಲ. ಸೂರ್ಯಚಂದ್ರರು ದೇವರುಗಳಲ್ಲ, ದೇವರು ಉಂಟುಮಾಡಿದವುಗಳು, ಇರುವುದೆಲ್ಲವೂ ಒಳ್ಳೆಯದು, ನಾವು ನಮ್ಮಿಂದಲೇ ಇರುವವರಲ್ಲ ಎಂಬ ಮೂರು ಮಾತುಗಳನ್ನು ಅದು ಹೇಳುತ್ತದೆ. ಅವನ್ನು ದೂರದರ್ಶಕದಲ್ಲಿ ಹುಡುಕಬೇಡ, ಬದುಕಿ ನೋಡು.” ಹುಡುಗನು ಇದಕ್ಕೂ ಎದುರು ಪ್ರಶ್ನೆ ಹಾಕಿದರೆ ತಂದೆಯು ಬೇಸರಪಡಬೇಕಾದುದಿಲ್ಲ. ಪ್ರಶ್ನೆಯನ್ನು ಹೊತ್ತುಕೊಂಡು ಮಗನು ಇನ್ನೂ ತನ್ನ ಬಳಿಗೇ ಬರುತ್ತಿರುವನೆಂಬುದು ಸಣ್ಣ ಭಾಗ್ಯವಲ್ಲ.